ನಚಿಕೇತನ ಮೊದಲ ವರ

ಅರ್ಚನೆಯ ಸಂಕಲ್ಪಕ್ಕೆ ಬೇಕಾಗುವುದು ಗೋತ್ರ, ನಕ್ಷತ್ರ, ರಾಶಿ, ಹೆಸರು. ಇಷ್ಟನ್ನು ನಾನೇ ಕೇಳುತ್ತೇನೆ. ಕೇಳದೆಯೂ ಬರುವ ಐದನೆಯ ಮಾತು ಒಂದಿದೆ: “ಆರನೇ ಕ್ಲಾಸು ಭಟ್ರೇ, ಗಣಿತದಲ್ಲಿ ಹಿಂದೆ ಬಿದ್ದಿದಾನೆ. ಈ ಸಲ ತೊಂಬತ್ತು ದಾಟ್ಲಿ ಅಂತ ಸೇರಿಸಿ ಹೇಳಿ.” ಹೇಳುತ್ತೇನೆ. ವಿದ್ಯಾಪ್ರಾಪ್ತಿ, ಪರೀಕ್ಷೆಯಲ್ಲಿ ಜಯ, ಸಕಲ ಇಷ್ಟಾರ್ಥ ಸಿದ್ಧಿ. ಪೆನ್ನನ್ನು ಶಾರದೆಯ ಪಾದಕ್ಕೆ ಮುಟ್ಟಿಸಿ, ಕುಂಕುಮ ಹಚ್ಚಿ ಕೊಡುತ್ತೇನೆ. ಆದರೆ ಮಗುವಿನ ಪರವಾಗಿ ತಾಯಿತಂದೆ ದೇವರಲ್ಲಿ ನಿಜಕ್ಕೂ ಏನನ್ನು ಬೇಡಬಹುದು ಎಂಬ ಪ್ರಶ್ನೆ ಮಾತ್ರ ನನ್ನ ಮಟ್ಟಿಗೆ ಆ ಕುಂಕುಮದೊಂದಿಗೆ ಮುಗಿಯುವುದಿಲ್ಲ.

ನಾನು ಹುಟ್ಟಿನಿಂದ ಅರ್ಚಕ, ಹೊಟ್ಟೆಪಾಡಿಗೆ ಮೇಷ್ಟ್ರು. ಕೊಪ್ಪ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಗಣಿತ ಕಲಿಸಿ ನಿವೃತ್ತನಾದವನು. ಬೆಳಗಿನ ಪೂಜೆಯಲ್ಲಿ ಯಾವ ಮಗುವಿನ ಹೆಸರು ಹೇಳಿರುತ್ತಿದ್ದೆನೋ ಅದೇ ಮಗು ಹತ್ತು ಗಂಟೆಗೆ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿತ್ತು. ಅಪ್ಪ ದೇವಿಯ ಮುಂದೆ ಏನು ಬೇಡಿಕೊಂಡ ಎಂಬುದೂ ನನಗೆ ಗೊತ್ತು, ಹುಡುಗ ಯಾಕೆ ರಾತ್ರಿ ನಿದ್ದೆ ಮಾಡಿಲ್ಲ ಎಂಬುದೂ ಗೊತ್ತು. ಎರಡಕ್ಕೂ ತಾಳೆಯಾಗದೆ ಇರುವ ದಿನಗಳೇ ಹೆಚ್ಚು.

ಶೃಂಗೇರಿಯವರೆಗೆ ಹೋಗಲಾಗದವರು ಅಕ್ಷರಾಭ್ಯಾಸಕ್ಕೆ ನಮ್ಮ ಗುಡಿಗೇ ಬರುತ್ತಾರೆ. ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವಾಗ ಆ ಮುಖಗಳನ್ನು ನೋಡಬೇಕು. ಮಗು ಬರೆದದ್ದು ವಕ್ರವಾದರೂ ನಗು, ಅಕ್ಕಿ ಚೆಲ್ಲಿದರೂ ನಗು. ಅದೇ ದಂಪತಿ ಎಂಟೊಂಬತ್ತು ವರ್ಷದ ಮೇಲೆ ಅದೇ ಮಗುವನ್ನು ಕರೆದುಕೊಂಡು ಬಂದಾಗ ಮುಖದಲ್ಲಿ ನಗು ಇರುವುದಿಲ್ಲ, ಕೈಯಲ್ಲಿ ಪ್ರಗತಿಪತ್ರ ಇರುತ್ತದೆ. ನಡುವೆ ಏನಾಯಿತು? ಮಗು ಆರನೇ ತರಗತಿಗೆ ಬಂತು. ಅಲ್ಲಿಯವರೆಗೆ ಹೆಚ್ಚುಕಡಿಮೆ ಒಬ್ಬರೇ ಮಿಸ್ಸು ಎಲ್ಲ ಪಾಠ ಮಾಡುತ್ತಿದ್ದರು, ಮಗುವಿಗೆ ಜ್ವರ ಬಂದರೂ ಅವರಿಗೆ ಗೊತ್ತಾಗುತ್ತಿತ್ತು. ಈಗ ವಿಷಯಕ್ಕೊಬ್ಬರು. ಹಿಂದಿ ಹೊಸದಾಗಿ ಬಂತು. ಗಣಿತದಲ್ಲಿ ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು ಬಂದವು, ಅಂಕಿಯ ಜಾಗದಲ್ಲಿ ಅಕ್ಷರ ಬಂತು. ಇದೇ ಹೊತ್ತಿಗೆ ಮೈಯೂ ಬದಲಾಗಲು ಶುರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟರವರೆಗಿನ ಮೂರು ವರ್ಷಗಳನ್ನು ಬೇರೆಯದೇ ಹಂತವೆಂದು ಗುರುತಿಸಿದೆ. ಹನ್ನೊಂದರಿಂದ ಹದಿನಾಲ್ಕರ ವಯಸ್ಸು. ನೀತಿ ಈಗ ಗುರುತಿಸಿತು, ತರಗತಿಯೊಳಗೆ ನಿಂತವರಿಗೆ ಅದು ಮೊದಲಿಂದಲೂ ಗೊತ್ತಿತ್ತು.

ಹರಕೆಯ ಸಂಗತಿಯೊಂದನ್ನು ಹೇಳಬೇಕು. ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯ ಇರುವುದು ಬಾಳೆಹೊನ್ನೂರಿನ ಹತ್ತಿರ. ಆರನೇ ತರಗತಿಗೆ 80 ಸೀಟು, ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆ, ಎರಡು ಗಂಟೆ ಸಮಯ. ತೋಟದ ಕೆಲಸಕ್ಕೆ ಹೋಗುವ ಒಬ್ಬ ತಾಯಿ, ಮಗನಿಗೆ ಅಲ್ಲಿ ಸೀಟು ಸಿಕ್ಕರೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದರು. ಯಾರ ಮುಡಿ ಎಂದು ವಿಚಾರಿಸಿದರೆ, ಹುಡುಗನದೇ! ಸೀಟು ಸಿಗಲಿಲ್ಲ. ಆದರೂ ದೇವರಿಗೆ ಸಿಟ್ಟು ಬಂದಿರಬಹುದೆಂದು ತಾಯಿ ಮುಡಿ ತೆಗೆಸಿಯೇಬಿಟ್ಟರು. ಜೂನಿನಲ್ಲಿ ಆ ಹುಡುಗ ಬೋಳು ತಲೆಯಲ್ಲಿ ನಮ್ಮ ಶಾಲೆಯ ಆರನೇ ತರಗತಿಗೆ ಬಂದ. ಹನ್ನೊಂದು ವರ್ಷದ ಹುಡುಗನಿಗೆ ಕೂದಲು ಎಂದರೆ ಏನು ಎಂದು ಆ ವಯಸ್ಸಿನ ಮಕ್ಕಳ ಜೊತೆ ಇದ್ದವರಿಗೆ ಗೊತ್ತು. ದಿನವೂ ತಲೆ ಮೇಲೆ ಯಾರಾದರೂ ಒಬ್ಬ ತಟ್ಟುತ್ತಿದ್ದ. ಪರೀಕ್ಷೆಯಲ್ಲಿ ಸೋತದ್ದು ಎಲ್ಲರಿಗೂ ಕಾಣುವಂತೆ ತಲೆಯ ಮೇಲೆ ಬರೆದ ಹಾಗಾಗಿತ್ತು.

ತಾಯಿಯದು ಕೆಟ್ಟ ಮನಸ್ಸಲ್ಲ. ತೋಟದ ಲೈನು ಮನೆಯಿಂದ ಮಗ ಹೊರಗೆ ಬರಲಿ ಎಂಬ ಆಸೆಗೆ ಕೈಮುಗಿಯಬೇಕು. ಆದರೆ ಧರ್ಮದ ಪ್ರಶ್ನೆಯೊಂದು ಅಲ್ಲಿ ಉಳಿದೇ ಇದೆ. ನನ್ನದಲ್ಲದ್ದನ್ನು ನಾನು ದೇವರಿಗೆ ಒಪ್ಪಿಸಬಹುದೇ? ಮಗುವಿನ ಕೂದಲು, ಮಗುವಿನ ಭಾನುವಾರ, ಮಗುವಿನ ಆಟ, ಮಗುವಿನ ನಿದ್ದೆ, ಇವನ್ನು ನನ್ನ ಆಸೆಯ ಬೆಲೆಯಾಗಿ ಕೊಡುವ ಅಧಿಕಾರ ನನಗೆ ಯಾರು ಕೊಟ್ಟರು? ಮಗು ನನ್ನ ಸೊತ್ತೇ?

ಈ ಪ್ರಶ್ನೆಯನ್ನು ನಮಗಿಂತ ಬಹಳ ಹಿಂದೆ ಒಬ್ಬ ಹುಡುಗನೇ ಕೇಳಿದ್ದಾನೆ. ಕಠೋಪನಿಷತ್ತಿನ ನಚಿಕೇತ. ಅಪ್ಪ ಸರ್ವಸ್ವವನ್ನೂ ದಾನ ಕೊಡುವ ಯಾಗ ಮಾಡುತ್ತಿದ್ದಾನೆ. ಆದರೆ ಕೊಡುತ್ತಿರುವ ಹಸುಗಳು ಎಂಥವು? ಹಾಲು ಬತ್ತಿದವು, ಮುಂದೆ ಹುಲ್ಲು ತಿನ್ನಲೂ ನೀರು ಕುಡಿಯಲೂ ತ್ರಾಣವಿಲ್ಲದವು. ಹುಡುಗ ಅದನ್ನು ನೋಡುತ್ತಾನೆ. ಉಪನಿಷತ್ತು ಅವನ ವಯಸ್ಸು ಹೇಳುವುದಿಲ್ಲ, ಇನ್ನೂ ಎಳೆಯವನು ಎನ್ನುತ್ತದೆ ಅಷ್ಟೇ. ದೊಡ್ಡವರು ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಅವನ ಕಣ್ಣಿಗೆ ಬಿದ್ದ ರೀತಿ ನೋಡಿದರೆ ಏಳನೇ ಕ್ಲಾಸು ಎನ್ನುತ್ತೇನೆ ನಾನು. ಎಲ್ಲವನ್ನೂ ಕೊಡುವುದಾದರೆ ನನ್ನನ್ನು ಯಾರಿಗೆ ಕೊಡುತ್ತೀಯ ಎಂದು ಅಪ್ಪನನ್ನು ಕೇಳುತ್ತಾನೆ. ಒಂದು ಸಲ ಅಲ್ಲ, ಮೂರು ಸಲ. ಈ ಮೂರು ಸಲ ಎಂಬುದೂ ಏಳನೇ ಕ್ಲಾಸಿನ ಲಕ್ಷಣವೇ. ಅಪ್ಪನಿಗೆ ರೇಗುತ್ತದೆ. ಸಾವಿಗೆ ಕೊಡುತ್ತೇನೆ ನಿನ್ನನ್ನು, ಎಂದುಬಿಡುತ್ತಾನೆ.

ನಮ್ಮ ಮನೆಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ! “ಎಲ್ಲಾದ್ರೂ ಹೋಗಿ ಸಾಯಿ”, “ನೀನು ಹುಟ್ಟದೇ ಇದ್ದಿದ್ರೇ ಚೆನ್ನಾಗಿತ್ತು.” ಹೇಳಿದವರು ಐದು ನಿಮಿಷದಲ್ಲಿ ಮರೆತು ಊಟಕ್ಕೆ ಕರೆಯುತ್ತಾರೆ. ಕೇಳಿದವರು ಮರೆಯುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಅದು ಶಬ್ದ, ನಲವತ್ತು ವರ್ಷದವನಿಗೆ ಅದು ಸಿಟ್ಟು, ಹನ್ನೆರಡು ವರ್ಷದವನಿಗೆ ಮಾತ್ರ ಅದು ತೀರ್ಪು. ನಚಿಕೇತ ಅಪ್ಪನ ಮಾತನ್ನು ಅಕ್ಷರಶಃ ತೆಗೆದುಕೊಂಡು ಯಮನ ಮನೆಗೆ ನಡೆದೇಹೋದ. ಇಲ್ಲಿ ಅರ್ಚಕನಾಗಿ ಒಂದು ಮಾತು ಹೇಳಲೇಬೇಕು: ನಿಮ್ಮ ಮಗು ಸಾಯುವ ಮಾತಾಡಿದರೆ ಮೊದಲು ಗುಡಿಗೆ ಬರಬೇಡಿ, ತಾಯತ ಕಟ್ಟಿಸಲು ಅಲೆಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ, ಕನ್ನಡದಲ್ಲೇ ಮಾತಾಡಬಹುದು. ದೇವಿ ಕಾಯುತ್ತಾಳೆ, ನಾಳೆ ಬಂದರೂ ಆದೀತು.

ಯಮ ಮನೆಯಲ್ಲಿರಲಿಲ್ಲ. ಹುಡುಗ ಮೂರು ರಾತ್ರಿ ಉಪವಾಸ ಕಾದ. ಹಿಂದಿರುಗಿದ ಯಮ, ಮನೆಗೆ ಬಂದ ಅತಿಥಿಯನ್ನು ಉಪವಾಸ ಕೂರಿಸಿದ್ದಕ್ಕಾಗಿ ಮೂರು ವರ ಕೇಳು ಎಂದ. ಮೂರನೆಯ ವರ ಪ್ರಸಿದ್ಧ, ಸತ್ತ ಮೇಲೆ ಏನು ಎಂಬ ಪ್ರಶ್ನೆ. ಪ್ರವಚನಕಾರರೆಲ್ಲ ಅಲ್ಲಿಗೆ ಓಡುತ್ತಾರೆ. ಮೊದಲನೆಯ ವರವನ್ನು ಎರಡು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನಾನು ದಾಟಲಾರೆ. ಸಾವಿನ ಎದುರು ನಿಂತ ಹುಡುಗ ಮೊಟ್ಟಮೊದಲು ಕೇಳಿಕೊಂಡದ್ದು ಜ್ಞಾನವನ್ನಲ್ಲ, ಆಯುಷ್ಯವನ್ನಲ್ಲ. ನನ್ನ ಅಪ್ಪನ ಮನಸ್ಸು ತಣ್ಣಗಾಗಲಿ, ಸಿಟ್ಟು ಇಳಿಯಲಿ, ನಾನು ಇಲ್ಲಿಂದ ಮರಳಿ ಹೋದಾಗ ಅವನು ನನ್ನನ್ನು ಗುರುತಿಸಿ ಮಾತಾಡಿಸಲಿ. ಇಷ್ಟೇ.

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ದೇವರು ಪ್ರತ್ಯಕ್ಷನಾಗಿ ಏನು ಬೇಕು ಎಂದು ಕೇಳಿದರೆ ಬಹಳಷ್ಟು ಮಂದಿ ಇದನ್ನೇ ಕೇಳಿಯಾರು ಎಂದು ನನ್ನ ನಂಬಿಕೆ. ಈ ನಂಬಿಕೆಗೆ ಆಧಾರ ಉಪನಿಷತ್ತಲ್ಲ, ತರಗತಿ. ಕಿರುಪರೀಕ್ಷೆಯ ಹಾಳೆ ಕೊಟ್ಟಾಗ ಮಕ್ಕಳು ಮೊದಲು ನೋಡುವುದು ಅಂಕ. ಆ ಮೇಲೆ ಮುಖದ ಮೇಲೆ ಓಡುವುದು ಅಂಕದ ಲೆಕ್ಕವಲ್ಲ, ಮನೆಯ ಲೆಕ್ಕ. “ಅಪ್ಪನ ಸಹಿ ಬೇಕೇ ಬೇಕಾ ಸಾರ್? ಅಜ್ಜಿದು ಆಗಲ್ವಾ?” ಎಂದು ಕೇಳಿದ ಹುಡುಗಿಗೆ ಭಿನ್ನರಾಶಿ ಕಷ್ಟವಾಗಿರಲಿಲ್ಲ. ಸಂಜೆ ಕಷ್ಟವಾಗಿತ್ತು.

ಅಪ್ಪ ಗುರುತಿಸಲಿ ಎಂದು ನಚಿಕೇತ ಕೇಳಿದ್ದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಯಮಲೋಕಕ್ಕೆ ಹೋಗಿ ಬಂದವನು ಹೋದವನಂತೆಯೇ ಇರುವುದಿಲ್ಲ. ಈ ವಯಸ್ಸಿನ ಮಗುವೂ ಹಾಗೆಯೇ ಬದಲಾಗುತ್ತದೆ. ಹುಡುಗನ ಧ್ವನಿ ಒಡೆಯುತ್ತದೆ, ಹುಡುಗಿ ಮೊದಲ ಸಲ ಹೊಟ್ಟೆನೋವೆಂದು ಮೂಲೆಯಲ್ಲಿ ಕೂರುತ್ತಾಳೆ, ನಿನ್ನೆಯ ಜೀವದ ಗೆಳತಿ ಇವತ್ತು ಬೇರೆ ಬೆಂಚಿಗೆ ಹೋಗಿರುತ್ತಾಳೆ. ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ. ಇದು ಸೋಮಾರಿತನವಲ್ಲ; ಪ್ರಾಯಕ್ಕೆ ಬರುವಾಗ ದೇಹದ ಗಡಿಯಾರವೇ ತಡವಾಗುತ್ತದೆಂದು ವೈದ್ಯರು ಹೇಳುತ್ತಾರೆ. ನಿದ್ದೆಯ ಅಗತ್ಯ ಮಾತ್ರ ಕಡಿಮೆಯಾಗಿರುವುದಿಲ್ಲ, ಸುಮಾರು ಒಂಬತ್ತು ಗಂಟೆ ಬೇಕು. ಬ್ರಾಹ್ಮೀ ಮುಹೂರ್ತದಲ್ಲಿ ಓದಿದರೆ ತಲೆಗೆ ಹತ್ತುತ್ತದೆಂದು ರಾತ್ರಿ ಹನ್ನೊಂದಕ್ಕೆ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸುವವರಿದ್ದಾರೆ. ನಾಲ್ಕಕ್ಕೆ ಏಳಲು ನನಗೆ ಕಾರಣವಿದೆ, ಅಭಿಷೇಕದ ನೀರು ಸೇದಬೇಕು. ಮಗುವಿಗೆ ಏನಿದೆ?

ಮೊನ್ನೆಯವರೆಗೆ ಎಲ್ಲವನ್ನೂ ಹೇಳುತ್ತಿದ್ದ ಮಗು ಈಗ “ಏನಿಲ್ಲ” ಎನ್ನುತ್ತದೆ. ಶಾಲೆಯಲ್ಲಿ ಏನಾಯಿತು? ಏನಿಲ್ಲ. ಇದನ್ನು ತಿರಸ್ಕಾರವೆಂದು ಓದಿದ ಮನೆಗಳಲ್ಲಿ ಜಗಳವಾಗುತ್ತದೆ. ಗುರುತು ಹಿಡಿಯುವುದು ಎಂದರೆ ಈ “ಏನಿಲ್ಲ” ಎನ್ನುವವನೇ ನನ್ನ ಮಗ ಎಂದು ಒಪ್ಪಿಕೊಳ್ಳುವುದು. ಅಕ್ಕಿ ಚೆಲ್ಲುತ್ತಿದ್ದ ಆ ಹಳೆಯ ಮಗುವನ್ನು ವಾಪಸು ಕೊಡು ಎಂದು ದೇವಿಯನ್ನು ಬೇಡಿದರೆ ಅವಳೂ ಕೊಡಲಾರಳು.

ಹಾಗಾದರೆ ಮಕ್ಕಳಿಂದ ಏನನ್ನೂ ನಿರೀಕ್ಷಿಸಬಾರದೇ ಎಂದು ಕೇಳುತ್ತಾರೆ. ಕೇಳುವವರು ಸಾಮಾನ್ಯವಾಗಿ ಗೀತೆಯ ಕರ್ಮಫಲದ ಮಾತನ್ನೂ ಜೊತೆಗೆ ತರುತ್ತಾರೆ. ನನಗೆ ನಗು ಬರುವುದು ಇಲ್ಲೇ. ಫಲದ ಮೇಲೆ ಕಣ್ಣಿಡದೆ ಓದು ಎಂದು ಮಗುವಿಗೆ ಉಪದೇಶ ಮಾಡುತ್ತೇವೆ. ಫಲದ ಮೇಲೆ ಕಣ್ಣಿಡುವ ಕೆಲಸವನ್ನು ನಾವೇ ವಹಿಸಿಕೊಳ್ಳುತ್ತೇವೆ. ಕರ್ಮ ಮಗುವಿನದು, ಫಲ ಅಪ್ಪನ ವಾಟ್ಸಾಪಿನದು. 2024ರ ಮಾರ್ಚಿನಲ್ಲಿ ಐದು, ಎಂಟು, ಒಂಬತ್ತನೇ ತರಗತಿಗಳಿಗೂ ರಾಜ್ಯಮಟ್ಟದ ಪರೀಕ್ಷೆ ನಡೆಸಿ, ಪ್ರಕರಣ ಕೋರ್ಟಿನ ಮೆಟ್ಟಿಲು ಹತ್ತಿಳಿದು, ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತಲ್ಲ, ಆಗ ಗುಡಿಗೆ ಬಂದ ದೊಡ್ಡವರ ಚಡಪಡಿಕೆ ನೋಡಬೇಕಿತ್ತು. ಮಕ್ಕಳು ಅಷ್ಟು ಹೊತ್ತಿಗೆ ಗೇರುಹಣ್ಣಿನ ಮರದ ಕೆಳಗಿದ್ದರು. ಅರ್ಜುನನಿಗೆ ಹೇಳಿದ ಪಾಠ ಯಾರಿಗೆ ಅಂಟಿದೆ, ಯಾರಿಗೆ ಅಂಟಿಲ್ಲ ಎಂಬುದು ಅಂದು ಸ್ಪಷ್ಟವಾಯಿತು.

ನಿರೀಕ್ಷೆ ತಪ್ಪಲ್ಲ. ಛಾಂದೋಗ್ಯದ ಉದ್ದಾಲಕ ಹನ್ನೆರಡು ವರ್ಷದ ಮಗ ಶ್ವೇತಕೇತುವನ್ನು ಗುರುಕುಲಕ್ಕೆ ಕಳಿಸುವಾಗ, ನಮ್ಮ ಮನೆತನದಲ್ಲಿ ಓದದೇ ಉಳಿದವರಿಲ್ಲ ಎಂದೇ ಹೇಳಿ ಕಳಿಸುತ್ತಾನೆ. ಅದು ನಿರೀಕ್ಷೆಯೇ. ಇಪ್ಪತ್ತನಾಲ್ಕಕ್ಕೆ ಮಗ ಎಲ್ಲ ಬಲ್ಲೆನೆಂಬ ಗತ್ತಿನಲ್ಲಿ ಹಿಂದಿರುಗಿದಾಗ ಅಪ್ಪ ಅವನನ್ನು ಊರಿಗೆಲ್ಲ ತೋರಿಸಿಕೊಂಡು ಬರಲಿಲ್ಲ, ಒಂದು ಪ್ರಶ್ನೆ ಕೇಳಿದ. ಆ ಸಂವಾದದ ನಡುವೆ ಒಂದು ಪ್ರಯೋಗ ಬರುತ್ತದೆ. ಹದಿನೈದು ದಿನ ಊಟ ಬಿಡು, ನೀರು ಮಾತ್ರ ಕುಡಿ ಎನ್ನುತ್ತಾನೆ ಅಪ್ಪ. ಆಮೇಲೆ ಕಲಿತ ವೇದ ಹೇಳು ಎಂದರೆ ಮಗನಿಗೆ ಒಂದೂ ನೆನಪಾಗುವುದಿಲ್ಲ. ಹೋಗಿ ಉಂಡು ಬಾ ಎನ್ನುತ್ತಾನೆ. ಉಂಡು ಬಂದವನು ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾನೆ. ಮನಸ್ಸು ಅನ್ನದಿಂದಲೇ ಆದದ್ದು ಎಂಬ ದೊಡ್ಡ ತತ್ತ್ವಕ್ಕೆ ಉಪನಿಷತ್ತು ಕೊಡುವ ಸಾಕ್ಷ್ಯ ಇದು. ಬಿಸಿಯೂಟ ಬರುವ ಮೊದಲು ಹನ್ನೊಂದೂವರೆಯ ಗಣಿತದ ಪೀರಿಯಡ್ಡಿನಲ್ಲಿ ನಿಂತ ಯಾವ ಮೇಷ್ಟ್ರಿಗೂ ಇದಕ್ಕೆ ಬೇರೆ ಸಾಕ್ಷ್ಯ ಬೇಡ. ಪರೀಕ್ಷೆಯ ದಿನ ದೇವಿಗೆ ಹರಕೆಯ ಉಪವಾಸ ಮಾಡಿಸಿ ಮಗುವನ್ನು ಕಳಿಸುವವರಿಗೆ ನಾನು ಉದ್ದಾಲಕನ ಕಥೆ ಹೇಳಿ, ಪ್ರಸಾದದ ಅವಲಕ್ಕಿಯನ್ನು ಅಲ್ಲೇ ತಿನ್ನಿಸಿ ಕಳಿಸುತ್ತೇನೆ. ದೋಷವೇನಾದರೂ ಇದ್ದರೆ ನನಗೆ ಬರಲಿ.

ನನಗೆ ತೀರ ಹಿಡಿಸಿದ ಅಪ್ಪ ಇನ್ನೊಬ್ಬನಿದ್ದಾನೆ. ತೈತ್ತಿರೀಯದ ವರುಣ. ಮಗ ಭೃಗು ಬಂದು ಬ್ರಹ್ಮ ಯಾವುದು, ಹೇಳಿಕೊಡು ಎನ್ನುತ್ತಾನೆ. ಯಾವುದರಿಂದ ಎಲ್ಲ ಹುಟ್ಟಿ, ಬದುಕಿ, ಯಾವುದರಲ್ಲಿ ಸೇರುತ್ತವೋ ಅದನ್ನು ಹುಡುಕು ಎಂದು ಸುಳಿವು ಕೊಟ್ಟು ವರುಣ ಸುಮ್ಮನಾಗುತ್ತಾನೆ. ಭೃಗು ತಪಸ್ಸು ಮಾಡಿ, ಅನ್ನವೇ ಬ್ರಹ್ಮ ಎಂದು ಕಂಡುಕೊಂಡು ಬರುತ್ತಾನೆ. ಅಪ್ಪ ತಪ್ಪು ಎನ್ನುವುದಿಲ್ಲ, ಸರಿ ಎನ್ನುವುದಿಲ್ಲ. ಮತ್ತೆ ತಪಸ್ಸು ಮಾಡು. ಪ್ರಾಣ ಎಂದು ಬರುತ್ತಾನೆ, ಮತ್ತೆ ಹೋಗು. ಮನಸ್ಸು, ವಿಜ್ಞಾನ, ಕೊನೆಗೆ ಆನಂದ. ಐದನೆಯ ಸಲ ಅವನು ಅಪ್ಪನನ್ನು ಕೇಳಲು ಬರುವುದೇ ಇಲ್ಲ, ಕೇಳುವ ಅಗತ್ಯ ಮುಗಿದಿರುತ್ತದೆ.

ಹೋಂವರ್ಕಿನ ಮುಂದೆ ಕೂರುವ ಅಪ್ಪ ಅಮ್ಮಂದಿರು ವರುಣನನ್ನು ನೆನೆಯಬೇಕು. ಅರ್ಧಕ್ಕೆ ಮೂರನೇ ಒಂದು ಕೂಡಿಸು ಎಂದರೆ ಐದರಲ್ಲಿ ಎರಡು ಎಂದು ಬರೆಯದ ಮಗುವನ್ನು ನಾನು ನೋಡಿದ್ದು ಕಡಿಮೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ ಎನ್ನುತ್ತದೆ. ಅದು ದಡ್ಡತನವಲ್ಲ, ಅದರ ತಪಸ್ಸಿನ ಮೊದಲ ಸುತ್ತು. ಆಗ ಪೆನ್ಸಿಲು ಕಿತ್ತುಕೊಂಡು ಉತ್ತರ ಬರೆದುಕೊಟ್ಟರೆ ನೋಟುಪುಸ್ತಕಕ್ಕೆ ಸರಿ ಗುರುತು ಬೀಳುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ. ಬದಲಿಗೆ, ಅರ್ಧ ರೊಟ್ಟಿಗೆ ಇನ್ನೂ ಸ್ವಲ್ಪ ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಕೇಳಿ ಎದ್ದುಹೋಗಿ. ಎದ್ದುಹೋಗುವುದೇ ಕಷ್ಟ. ವರುಣನಿಗೂ ಉತ್ತರ ಗೊತ್ತಿತ್ತು, ಬಾಯಿಗೆ ಬಂದಿತ್ತು, ನುಂಗಿಕೊಂಡ. ಸ್ವತಃ ಓದು ಬಾರದ ತಾಯಿತಂದೆ ಇಲ್ಲಿ ಒಂದು ಹೆಜ್ಜೆ ಮುಂದಿದ್ದಾರೆ. ನೀನು ಮಾಡಿದ್ದನ್ನು ನನಗೆ ವಿವರಿಸಿ ಹೇಳು ಎಂದು ಅವರು ಪ್ರಾಮಾಣಿಕವಾಗಿ ಕೇಳಬಲ್ಲರು. ವಿವರಿಸಿ ಹೇಳಲು ಹೊರಟ ಮಗು ಅರ್ಧ ದಾರಿಯಲ್ಲಿ ತನ್ನ ತಪ್ಪನ್ನು ತಾನೇ ಹಿಡಿದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಐದು ವರ್ಷದವರೆಗೆ ಮುದ್ದು, ಮುಂದಿನ ಹತ್ತು ವರ್ಷ ದಂಡನೆ, ಹದಿನಾರಾದ ಮೇಲೆ ಗೆಳೆಯ ಎಂಬ ಸುಭಾಷಿತವನ್ನು ಸಭೆಗಳಲ್ಲಿ ಮಕ್ಕಳ ಎದುರೇ ಹೇಳುತ್ತಾರೆ. ನಮ್ಮ ಆರು, ಏಳು, ಎಂಟನೇ ತರಗತಿಗಳು ಸರಿಯಾಗಿ ಆ ದಂಡನೆಯ ಪಾಲಿಗೆ ಬೀಳುತ್ತವೆ. “ನಾಲ್ಕು ಬಿಡಿ ಸಾರ್, ಚರ್ಮ ಸುಲಿದ್ರೂ ನಾನು ಕೇಳಲ್ಲ” ಎಂದು ಶಾಲೆಗೇ ಬಂದು ಅನುಮತಿ ಕೊಟ್ಟು ಹೋದ ಅಪ್ಪಂದಿರಿದ್ದರು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಶಾಲೆಯಲ್ಲಿ ನಿಷೇಧಿಸಿದೆ. ಸುಭಾಷಿತ ಮತ್ತು ಕಾಯ್ದೆ ಎದುರಾದಾಗ ನಾನು ಕಾಯ್ದೆಯ ಪರ. ಉಪನಿಷತ್ತೂ ಕಾಯ್ದೆಯ ಪರ ಎಂದೇ ನನ್ನ ಓದು. ಅಲ್ಲಿ ಮಗನ ಮೇಲೆ ರೇಗಿದ ಅಪ್ಪ ಕಲಿಸಿದ್ದು ಏನೂ ಇಲ್ಲ. ಪ್ರಶ್ನೆ ಕೇಳಿದ ಅಪ್ಪಂದಿರೇ ಕಲಿಸಿದವರು.

ಜಾತಕ ಹಿಡಿದು ಬರುವವರ ಬಗ್ಗೆ ಸಣ್ಣ ಮಾತು. ಮಗುವಿಗೆ ಸಾಡೇಸಾತಿ ಇದೆಯಂತೆ, ಅದಕ್ಕೇ ಓದು ಹತ್ತುತ್ತಿಲ್ಲವಂತೆ. ಆರನೇ ತರಗತಿಯಲ್ಲಿ ಶನಿ ಹಿಡಿದರೆ ಏಳೂವರೆ ವರ್ಷ ಎಂದರೆ ಪಿಯುಸಿ ದಾಟುತ್ತದೆ. ಎಳ್ಳುದೀಪ ಹಚ್ಚಿಸುವುದಾದರೆ ಹಚ್ಚಿಸಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ಮಗುವಿನ ಕಿವಿಗೆ ಹಾಕಬೇಡಿ. ಪಿಯುಸಿಯವರೆಗೆ ತನಗೆ ಗಣಿತ ಬರುವುದಿಲ್ಲ ಎಂದು ಗ್ರಹಗಳೇ ತೀರ್ಮಾನಿಸಿವೆ ಎಂದು ನಂಬಿದ ಹುಡುಗನಿಗೆ ಸಮೀಕರಣ ಕಲಿಸುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ. ಅವನಿಗೆ ಕಾಣಿಸುತ್ತಿರಲಿಲ್ಲ, ಕಪ್ಪುಹಲಗೆ. ಕನ್ನಡಕ ಬಂದ ಮೇಲೆ ಶನಿ ಬಹಳ ಮಟ್ಟಿಗೆ ಇಳಿದ.

ಹಾಗಾದರೆ ಬೇಡುವುದಾದರೂ ಏನನ್ನು? ನನ್ನ ತೀರ್ಮಾನ ಇಷ್ಟು. ಮಗುವಿನ ಬುದ್ಧಿಗಾಗಿ, ಆರೋಗ್ಯಕ್ಕಾಗಿ ಬೇಡಿ, ಅದು ಪ್ರೀತಿ. ಮಗುವಿನ ಅಂಕಕ್ಕಾಗಿ ಬೇಡುವಾಗ ಅರ್ಧ ನಿಮಗಾಗಿಯೇ ಬೇಡುತ್ತಿದ್ದೀರಿ ಎಂದು ತಿಳಿದು ಬೇಡಿ. ಹರಕೆ ಹೊರುವುದಾದರೆ ನಿಮ್ಮ ಮುಡಿ ಕೊಡಿ, ನಿಮ್ಮ ಸಂಜೆಯ ಮೊಬೈಲು ಕೊಡಿ, ಮಗುವಿನದನ್ನು ಮುಟ್ಟಬೇಡಿ. ಮತ್ತು ನಚಿಕೇತ ಅಪ್ಪನಿಗಾಗಿ ಕೇಳಿದ ವರವನ್ನು ಅಪ್ಪನೇ ತನಗಾಗಿ ಕೇಳಿಕೊಳ್ಳಬಹುದು. ಅದಕ್ಕೆ ನನ್ನ ಅರ್ಚನೆ ಚೀಟಿಯೂ ಬೇಕಾಗಿಲ್ಲ.

ಇನ್ನೊಂದು ಕೋರಿಕೆ, ಇದು ಮೇಷ್ಟ್ರಾಗಿ. ಶಾಲೆಗೆ ಮಾರ್ಚಿನಲ್ಲಿ ಬರಬೇಡಿ, ಜೂನಿನಲ್ಲಿ ಬನ್ನಿ. ಅಪ್ಪ ಅಮ್ಮ ಇಬ್ಬರೂ ಬನ್ನಿ, ಒಂದು ದಿನದ ಕೂಲಿ ಹೋದರೂ ಬನ್ನಿ. ವಿಷಯ ಕಲಿಸುವ ಎಲ್ಲ ಶಿಕ್ಷಕರನ್ನೂ ಬೇರೆಬೇರೆಯಾಗಿ ಕಂಡು, ನನ್ನ ಮಗು ಯಾರ ಜೊತೆ ಕೂರುತ್ತದೆ, ಮಧ್ಯಾಹ್ನ ಊಟ ಮಾಡುತ್ತದೆಯೇ, ಹಲಗೆ ಕಾಣಿಸುತ್ತದೆಯೇ, ಯಾವುದಕ್ಕೆ ನಗುತ್ತದೆ ಎಂದು ಕೇಳಿ. ಜೂನಿನಲ್ಲಿ ಕೇಳಿದರೆ ಅವರು ವರ್ಷವಿಡೀ ಅದನ್ನು ಗಮನಿಸುತ್ತಾರೆ. ಮಾರ್ಚಿನಲ್ಲಿ ಬಂದರೆ ಅವರ ಹತ್ತಿರ ನಿಮಗೆ ತೋರಿಸಲು ಅಂಕಪಟ್ಟಿ ಮಾತ್ರ ಇರುತ್ತದೆ.